ತಂಗೆವ್ವನ ತವರಿನ ಪೈಪು

ಒಂದಾನೊಂದು ಕಾಲದಲ್ಲಿ, ಅಂದ್ರೆ ಅಷ್ಟೇನೂ ಹಳೇ ಕಾಲ ಅಲ್ಲ, ಬಾವಿ ಮೇಲೆ ಮೋಟರು ಬಂದು ಕೂತ ಮೇಲಿನ ಮಾತು, ಒಂದು ಎರೆಹೊಲದ ಊರಲ್ಲಿ ತಂಗೆವ್ವ ಅಂತ ಒಬ್ಬ ಸೊಸೆ ಇದ್ದಳಂತೆ. ಹೂಂ ಅನ್ನು, ಇಲ್ಲಾಂದ್ರೆ ಕತೆ ನಿಂತುಬಿಡ್ತದೆ. ಪಂಚಮಿಗೆ ತವರಿಗೆ ಹೋದಾಗ ಅಣ್ಣ ಸೀರೆ ಕೊಡೋಕೆ ಬಂದ್ರೆ, ಸೀರೆ ಬ್ಯಾಡಣ್ಣ, ನಿನ್ನ ಹೊಲದಾಗ ಮಳಿ ಹಂಗ ನೀರು ಚಿಮ್ಮತಾವಲ್ಲ, ಆ ಸ್ಪ್ರಿಂಕ್ಲರ್ ಪೈಪು ಕೊಡು ಅಂದಳಂತೆ.

ಮಾವ ಭರಮಗೌಡ ಅವಳು ತಂದ ಪೈಪು ನೋಡಿ ಮೀಸೆಯಲ್ಲೇ ನಕ್ಕನಂತೆ. ಕಾಲುವೆ ತೆಗೆದು ಹೊಲದ ಮಡಿ ತುಂಬಿಸಿದ್ರೆ ಬಾವಿ ನೀರು ಅರ್ಧ ಗೋಧಿಗೂ ಸಾಲ್ತಿರಲಿಲ್ಲ, ಅದಕ್ಕೆ, ಆಗಲಿ ಯವ್ವಾ, ಈ ಸಲ ಬಾವಿ ನಿನ್ನ ಕೈಯಾಗ, ಗೋಧಿ ಕೆಟ್ರ ಪೈಪು ತವರಿಗೆ ವಾಪಸ್ ಅಂದನಂತೆ. ತವರಿನ ಮಾನ ಪೈಪಿಗೆ ಕಟ್ಟಿದಂಗಾಯ್ತು ನೋಡು.

ಆಮೇಲೆ ಗೋಧಿ ಬುಡದಲ್ಲಿ ಮರಿ ಚಿಗುರು, ಅದೇ ತೆಂಡೆ, ಒಡೆಯೋ ಹೊತ್ತಿಗೆ ಮೊದಲ ನೀರು ಬಿಟ್ಟಳಂತೆ, ನೆಲ ಕಪ್ಪಗಾಗಿದ್ದೇ ತಡ ಬಂದ್ ಮಾಡಿದಳಂತೆ. ಮಾವ ಬಂದು ಬೆರಳು ಊರಿ ನೋಡಿದ್ರೆ ಒಳಗೆಲ್ಲ ಒಣ. ನೆಲದ ಮುಖ ತೊಳದೀಯವ್ವ, ಕುಡಿಯಾಕ ಕೊಟ್ಟಿಲ್ಲ ಅಂದನಂತೆ.

ಆಮೇಲೆ ತೆನೆ ಹೊರಬೀಳುವಾಗ ಎರಡನೇ ನೀರು. ಮಟಮಟ ಮಧ್ಯಾಹ್ನ ಚಾಲೂ ಮಾಡಿದಳು, ಗಾಳಿ ಎದ್ದು ನೀರೆಲ್ಲ ಬಾಜೂ ಹೊಲಕ್ಕೆ ಹೋಯ್ತಂತೆ. ಆ ಹೊಲದ ಸಾತಪ್ಪ ಬದುವಿನ ಮೇಲೆ ನಿಂತು, ಯಕ್ಕಾ, ನಿನ್ನ ಪೈಪು ಭಾಳ ಛಲೋ ಐತಿ, ನನ್ನ ಗೋಧಿ ತೊಯ್ತು ಅಂತ ಹಲ್ಲು ಕಿಸಿದನಂತೆ. ಪಾಪ, ತಂಗೆವ್ವ ಮೋಟರ್ ಕೋಣೆ ಹಿಂದೆ ಹೋಗಿ ಅತ್ತಳಂತೆ. ಕಣ್ಣು ಒರೆಸ್ಕೊಂಡು, ಇನ್ನು ನೀರೇನಿದ್ರೂ ಗಾಳಿ ಏಳೋಕೆ ಮುಂಚೆ, ಬೆಳಗಿನ ಜಾವಕ್ಕೆ ಅಂತ ಗಟ್ಟಿ ಮಾಡಿಕೊಂಡಳಂತೆ.

ಆಮೇಲೆ ಮೂರನೇ ನೀರು. ಕಾಳು ಹಿಚುಕಿದ್ರೆ ಹಾಲು ಬಂತು, ನೀರು ಕೊಡ್ಲೇಬೇಕು. ಆದ್ರೆ ಬೆಳಗಾಗೋದರೊಳಗೇ ಗಾಳಿ ಬೀಸ್ತಿತ್ತಂತೆ. ಸಾತಪ್ಪ ಆಗಲೇ ಕಾಲುವೆ ಒಡೆದು ಹೊಲ ತುಂಬಿಸ್ತಿದ್ದ. ಬಾವಿ ತುಂಬೇತಿ, ಚಾಲೂ ಮಾಡು ಅಂತ ಮಾವ ಗದರಿದನಂತೆ. ತೆನಿ ಭಾರ ಆಗ್ಯಾವ ಮಾವಾರ, ನೆಲ ಮೆತ್ತಗಾಗಿ ಗಾಳಿ ಹೊಡೆದ್ರ ಮಲಕೋತಾವ ಅಂತ ಅವಳು ಬದುವಿನ ಮೇಲೆ ಕೂತೇಬಿಟ್ಟಳಂತೆ. ಎಲ್ಲಾ ಗೊತ್ತಿದ್ದು ಕೂತಿರಲಿಲ್ಲ ಮಗಾ, ಆದ್ರೂ ಕೂತಳು. ಮಾರನೇ ದಿನ ನಸುಕಿಗೆ ಗಾಳಿ ನಿಂತಿತು. ಹದವಾಗಿ ನೀರು ಕೊಟ್ಟು, ಬೆರಳು ಊರಿ ನೋಡಿ, ಬಂದ್ ಮಾಡಿದಳಂತೆ.

ಸುಗ್ಗಿ ಹೊತ್ತಿಗೆ ಅವಳ ಗೋಧಿ ನಿಂತಿತ್ತು, ಸಾತಪ್ಪನದು ಚಾಪೆ ಹಾಸಿದಂಗೆ ಮಲಗಿತ್ತು. ಹೊಸ ಗೋಧಿ ಕುಟ್ಟಿ ಹುಗ್ಗಿ ಮಾಡಿದಳಂತೆ. ಮಾವ ಎರಡನೇ ಸಲ ಬಡಿಸ್ಕೊಂಡು, ತವರಿಗೆ ಪೈಪು ಯಾಕವ್ವಾ, ಹುಗ್ಗಿ ಕಳಸು ಅಂದನಂತೆ. ಸಾತಪ್ಪನ್ನೂ ಕರೆದಿದ್ದಳು. ಅವನು ತಲೆ ತಗ್ಗಿಸಿ ಉಂಡು, ಯಕ್ಕಾ, ಮುಂದಿನ ವರ್ಷ ನಾನೂ ಪೈಪು ತರ್ತೀನಿ, ಚಾಲೂ ಮಾಡೋದು ಅಂಗಡಿಯವ ಹೇಳ್ತಾನ, ಯಾವಾಗ ಬಂದ್ ಮಾಡಬೇಕು ಅನ್ನೋದು ನೀ ಹೇಳು ಅಂದನಂತೆ. ಅವಳು ನಕ್ಕು ಇನ್ನೊಂದು ಸೌಟು ಹುಗ್ಗಿ ಹಾಕಿದಳಂತೆ.

ಅಲ್ಲಿಗೆ ಹುಗ್ಗಿನೂ ಖಾಲಿ, ಕತೆನೂ ಮುಗೀತು. ಹೂಂ ಅನ್ನೋದು ಯಾವಾಗ ನಿಲ್ಲಿಸಿದ್ಯೋ ಏನೋ, ಮಲಗು ಕಂದಾ.