ಅಂಟಿನುಂಡೆ ಮತ್ತು ಕೆಂಪು ದ್ರಾಕ್ಷಾರಸ

ಕಂಚಿನಕೋಟೆ ಎಂಬ ಪುಟ್ಟ ಸೀಮೆಗೆ ಮುದ್ದುರಾಯನೆಂಬ ದೊರೆ. ಸೀಮೆ ಚಿಕ್ಕದಾದರೂ ದೊರೆಯ ಜಂಬ ದೊಡ್ಡದು. ಅದರಲ್ಲೂ ತನ್ನ ನಾಲಿಗೆಯ ಮೇಲೆ ಅವನಿಗೆ ಎಲ್ಲಿಲ್ಲದ ಅಭಿಮಾನ.

ದಿನವೂ ಸಂಜೆ ಅವನಿಗೆ ಒಂದು ಬಟ್ಟಲು ಕೆಂಪು ದ್ರಾಕ್ಷಾರಸ ಬೇಕು. ಅದೂ ಬಂದರಿನ ವ್ಯಾಪಾರಿ ಸಾಂತಪ್ಪ ತರುವ, ಹಡಗಿನಲ್ಲಿ ಬಂದ ರಸವೇ ಆಗಬೇಕು. ಬಟ್ಟಲು ತುಂಬಿದ ಕೂಡಲೇ ಹೊಗಳುಭಟ ವಾಚಯ್ಯ ಎದೆಯುಬ್ಬಿಸಿ ನಿಂತು ಕೂಗುತ್ತಿದ್ದ: "ಏಳು ಕಡಲು ದಾಟಿ ಬಂದದ್ದು, ಒಂದು ಹೂಜಿಗೆ ಒಂದು ಕುದುರೆಯ ಬೆಲೆಯದ್ದು, ದೊರೆಗಳ ನಾಲಿಗೆಗಷ್ಟೇ ಒಲಿಯುವುದು, ಬಹುಪರಾಕ್." ಆಮೇಲೆ ದೊರೆ ಗುಟುಕರಿಸಿ ಕಣ್ಣು ಮುಚ್ಚುವುದು, ಸಭೆ ತಲೆದೂಗುವುದು. ಇದು ಅರಮನೆಯ ಪದ್ಧತಿ. ಪಾಪ, ವಾಚಯ್ಯನಿಗೆ ಬಾಯಿಪಾಠವಾಗಿದ್ದದ್ದು ಅದೊಂದೇ ಹೊಗಳಿಕೆ.

ಊರಾಚೆ ಹೊನ್ನವ್ವ ಎಂಬ ಮುದುಕಿಯದೊಂದು ದ್ರಾಕ್ಷಿ ತೋಟವಿತ್ತು. ಅವಳು ಮಾಡುವ ಕೆಂಪು ರಸವನ್ನು ಗಾಡಿ ಹೊಡೆಯುವವರು, ನೇಕಾರರು, ಕಾವಲಿನವರು ಮಜ್ಜಿಗೆಯ ಬೆಲೆಗೆ ಕೊಂಡು ಕುಡಿದು ಸುಖವಾಗಿದ್ದರು. ಒಮ್ಮೆ ಬೇಟೆಯಿಂದ ಮರಳುವಾಗ ದೊರೆ ಅಲ್ಲಿ ಬಾಯಾರಿ ನಿಂತ. ಹೊನ್ನವ್ವ ಮಣ್ಣಿನ ಕುಡಿಕೆಯಲ್ಲಿ ಕೊಟ್ಟಳು. ಒಂದು ಗುಟುಕಿಗೇ ದೊರೆ ಉಗಿದು, ಇದು ಉಪ್ಪಿನಕಾಯಿ ಹಾಕೋಕೆ ಲಾಯಕ್ಕು ಎಂದ. ಪಕ್ಕದಲ್ಲೇ ಇದ್ದ ಸಾಂತಪ್ಪ ಹೌದೌದು ಎಂದು ಮೂಗು ಮುರಿದ. ಅರಮನೆ ಸೇರುವ ಹೊತ್ತಿಗೆ ಅಪ್ಪಣೆ ಹೊರಟೇಬಿಟ್ಟಿತ್ತು: ಆ ಬಳ್ಳಿಗಳನ್ನು ಕಿತ್ತು ಅಲ್ಲಿ ಆನೆಲಾಯ ಕಟ್ಟಬೇಕು.

ಆಸ್ಥಾನದ ವಿದೂಷಕ ಓಬಣ್ಣನಿಗೆ ಇದು ಸರಿಬರಲಿಲ್ಲ. ಆ ಬಳ್ಳಿಗಳನ್ನು ಹೊನ್ನವ್ವ ಮಕ್ಕಳಂತೆ ಸಾಕಿದ್ದಳು. ಅಲ್ಲದೆ, ಸುಳ್ಳೇಕೆ ಹೇಳಲಿ, ಅವಳ ರಸಕ್ಕೆ ಓಬಣ್ಣನೂ ಒಬ್ಬ ಗಿರಾಕಿ. ಅವನು ಎದ್ದು ನಿಂತು ಮೆಲ್ಲಗೆ, ಹಿತ್ತಲ ಗಿಡ ಮದ್ದಲ್ಲ ಅಂತಾರೆ ಮಹಾಪ್ರಭು, ಹಾಗಾಗದಿರಲಿ ಎಂದ.

ದೊರೆ ಮೀಸೆ ತಿರುವಿದ. "ನನ್ನ ನಾಲಿಗೆಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ ಕಣಯ್ಯಾ. ಹುಣ್ಣಿಮೆಯೊಳಗೆ ಮಜ್ಜಿಗೆಯ ಬೆಲೆಗೆ ಸಾಂತಪ್ಪನ ರಸದಂಥದ್ದೇ ರಸ ತಂದು ಕುಡಿಸು. ನಾನು ಮೆಚ್ಚಿದರೆ ತೋಟ ಉಳೀತು. ಇಲ್ಲವೋ, ಬಳ್ಳಿ ಆನೆಗೆ, ನೀನು ಆನೆಯ ಲದ್ದಿಗೆ."

ಸಭೆ ನಕ್ಕಿತು. ಓಬಣ್ಣನೂ ನಕ್ಕ, ಆದರೆ ಮನೆ ತಲುಪುವವರೆಗೂ ಅವನ ಮೂಗಿಗೆ ಲದ್ದಿಯ ವಾಸನೆಯೇ ಬಡಿಯುತ್ತಿತ್ತು. ಮನೆಯಲ್ಲಿ ಹೆಂಡತಿ ಬಾಣಂತಿ ಮಗಳಿಗೆಂದು ಅಂಟಿನುಂಡೆ ಕಟ್ಟುತ್ತಿದ್ದಳು. ರುಚಿ ನೋಡಿ ಎಂದು ಒಂದನ್ನು ಗಂಡನ ಬಾಯಿಗಿಟ್ಟಳು. ಪಾಕ ಒಂದೆಳೆ ಹೆಚ್ಚಾಗಿತ್ತೋ ಏನೋ, ಓಬಣ್ಣನ ಮೇಲ್ದವಡೆ ಕೆಳದವಡೆ ಎರಡೂ ಕಚ್ಚಿಕೊಂಡವು. ಹೇಗಿದೆ ಎಂದು ಅವಳು ಕೇಳಿದರೆ ಇವನು ಬರೀ ಊಂ ಊಂ. ಕೊನೆಗೆ ಬಾಯಿ ಬಿಡಿಸಿಕೊಂಡವನೇ, ಇದೇ ಪಾಕದ್ದು ಇನ್ನೊಂದು ಕಟ್ಟು, ದೊಡ್ಡದಾಗಿರಲಿ ಎಂದ.

ಹುಣ್ಣಿಮೆಯ ಸಂಜೆ ಸಭೆ ಕಿಕ್ಕಿರಿಯಿತು. ಹೊನ್ನವ್ವ ಬಾಗಿಲ ಬಳಿ ಸೆರಗು ಹಿಂಡುತ್ತ ನಿಂತಿದ್ದಳು. ಓಬಣ್ಣನ ಕೋರಿಕೆಯಂತೆ ರಾಣಿಯೇ ತನ್ನ ಕೈಯಾರೆ ಎರಡು ಬೆಳ್ಳಿ ಹೂಜಿ ತುಂಬಿ ಕಳಿಸಿದಳು, ಒಂದಕ್ಕೆ ಸಾಂತಪ್ಪನ ರಸ, ಇನ್ನೊಂದಕ್ಕೆ ಹೊನ್ನವ್ವನದು. ಗುರುತಿಗಿರಲಿ ಎಂದು ಸಾಂತಪ್ಪನ ರಸವಿದ್ದ ಹೂಜಿಯ ಅಡಿಗೆ ಅರಿಶಿನದ ಬೊಟ್ಟು ಇಟ್ಟಿದ್ದಳು. ಯಾವುದು ಹಡಗಿನದ್ದು, ಯಾವುದು ಹಿತ್ತಲದ್ದು ಎಂದು ದೊರೆ ಕುಡಿದೇ ಹೇಳಬೇಕು.

ಇತ್ತ ಓಬಣ್ಣ ಬಹಳ ಮರ್ಯಾದೆಯಿಂದ ವಾಚಯ್ಯನ ಬಳಿ ಹೋಗಿ, ಗಂಟಲಿಗೆ ಒಳ್ಳೆಯದು ಎಂದು ಅಂಟಿನುಂಡೆ ಕೊಟ್ಟ. ಸಿಹಿ ಕಂಡರೆ ವಾಚಯ್ಯ ಬಿಟ್ಟವನಲ್ಲ. ಇಡೀ ಉಂಡೆ ಒಂದೇ ಬಾರಿಗೆ ಒಳಗೆ ಹೋಯಿತು.

ಓಬಣ್ಣ ಎರಡೂ ಹೂಜಿಗಳ ಅಡಿಯನ್ನು ಓರೆಗಣ್ಣಿನಲ್ಲಿ ನೋಡಿಕೊಂಡು, ಒಂದನ್ನು ಆರಿಸಿ ಮೊದಲು ಬಗ್ಗಿಸಿದ. ದೊರೆ ಬಟ್ಟಲು ಹಿಡಿದು ವಾಚಯ್ಯನತ್ತ ನೋಡಿದ. ವಾಚಯ್ಯ ಎದೆಯುಬ್ಬಿಸಿದ, ಕೈ ಎತ್ತಿದ, ಕಣ್ಣು ಅಗಲಿಸಿದ. ಬಂದದ್ದು ಊಂ ಊಂ ಮಾತ್ರ. ಕಾದು ಕಾದು ದೊರೆ ಹೊಗಳಿಕೆಯಿಲ್ಲದೆ ಗುಟುಕರಿಸಿದ, ಮುಖ ಹಿಂಡಿದ.

"ಥೂ, ಬರೀ ಹುಳಿ. ಇದೇ ಆ ಮುದುಕಿಯದು."

ಬಾಗಿಲ ಬಳಿ ಹೊನ್ನವ್ವನ ಕಣ್ಣಲ್ಲಿ ನೀರಾಡಿತು. ಓಬಣ್ಣ ಮಾತ್ರ ಅವಸರ ಮಾಡಲಿಲ್ಲ. ಬಟ್ಟಲು ತೊಳೆಸಿದ, ಒರೆಸಿದ, ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದ. ಅಷ್ಟರಲ್ಲಿ ವಾಚಯ್ಯನ ದವಡೆ ಬಿಟ್ಟುಕೊಂಡಿತ್ತು. ಎರಡನೆಯ ಹೂಜಿ ಬಾಗಿದ್ದೇ ತಡ, ಕಟ್ಟಿಹೋಗಿದ್ದ ಹೊಗಳಿಕೆಯೆಲ್ಲ ಒಟ್ಟಿಗೆ ಹೊರಬಿತ್ತು. ಏಳು ಕಡಲು, ಕುದುರೆಯ ಬೆಲೆ, ದೊರೆಗಳ ನಾಲಿಗೆ, ಒಂದಕ್ಷರ ಬಿಡದೆ ಕೂಗಿ ಬಹುಪರಾಕ್ ಎಂದ.

ದೊರೆ ಕುಡಿದ. ಕಣ್ಣು ಮುಚ್ಚಿದ. ಬಟ್ಟಲು ಬರಿದಾದ ಮೇಲೂ ತೆರೆಯಲಿಲ್ಲ.

"ಇದಪ್ಪಾ ರಸ ಅಂದರೆ. ಏನಯ್ಯಾ ಓಬಣ್ಣ, ನಾಳೆ ಲದ್ದಿ ಗುಡಿಸೋಕೆ ಪೊರಕೆ ಹಿಡಿದು ಬಾ."

ಓಬಣ್ಣ ಕೈ ಮುಗಿದು, ಹೂಜಿಯ ಅಡಿಯನ್ನು ಒಮ್ಮೆ ನೋಡಬೇಕು ಎಂದು ಬೇಡಿಕೊಂಡ. ದೊರೆ ನಗುತ್ತಲೇ ಎರಡನೆಯ ಹೂಜಿ ಎತ್ತಿದ. ಬೊಟ್ಟಿಲ್ಲ. ಮೊದಲನೆಯದನ್ನು ಎತ್ತಿದ. ಅದರಡಿಯಲ್ಲಿ ಅರಿಶಿನ ಹಳದಿಯಾಗಿ ಹೊಳೆಯುತ್ತಿತ್ತು. ಸಾಂತಪ್ಪ ನೆಲ ನೋಡತೊಡಗಿದ.

"ಹಾಗಾದರೆ ನನ್ನ ನಾಲಿಗೆಗೇ ಮೋಸ ಮಾಡಿದೆಯಾ?" ದೊರೆಯ ದನಿ ಗಡುಸಾಯಿತು.

"ಇಲ್ಲ ಮಹಾಪ್ರಭು. ಪಾಪ, ನಿಮ್ಮ ನಾಲಿಗೆಯನ್ನು ಇಷ್ಟು ದಿನ ಯಾರೂ ಕೇಳಲೇ ಇಲ್ಲ. ತಮ್ಮ ತಲೆಗೇರುತ್ತಿದ್ದದ್ದು ದ್ರಾಕ್ಷಿಯಲ್ಲ, ಅದರ ಬೆಲೆ."

ದೊರೆ ಹೂಜಿಯನ್ನು ನೋಡಿದ, ವಾಚಯ್ಯನನ್ನು ನೋಡಿದ. ವಾಚಯ್ಯ ಇನ್ನೂ ಹಲ್ಲಿನ ಸಂದಿಯ ಅಂಟನ್ನು ನಾಲಿಗೆಯಲ್ಲಿ ಬಿಡಿಸುತ್ತಿದ್ದ. ಅದನ್ನು ಕಂಡು ದೊರೆಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ತೋಟ ಹೊನ್ನವ್ವನಿಗೇ ಉಳಿಯಿತು. ನಾಳೆಯಿಂದ ಅರಮನೆಗೆ ಅವಳ ರಸವೇ ಬರಲಿ, ವಾಚಯ್ಯ ದಿನವೂ ಅದನ್ನೇ ಹೊಗಳಲಿ ಎಂದು ಅಪ್ಪಣೆಯಾಯಿತು. ಹೊನ್ನವ್ವ ಅಲ್ಲಿಂದಲೇ ಅಡ್ಡಬಿದ್ದಳು. ಓಬಣ್ಣನ ಮುಖ ಮಾತ್ರ ಸಣ್ಣದಾಯಿತು.

"ಗೆದ್ದವನಿಗೆ ಇದೇನಯ್ಯಾ ಮುಖ? ಏನು ಬಹುಮಾನ ಬೇಕೋ ಕೇಳು," ಎಂದ ದೊರೆ.

"ವಾಚಯ್ಯನವರು ಹೊಗಳಿದರೆ ಅದಕ್ಕೂ ಕುದುರೆಯ ಬೆಲೆ ಬಂದುಬಿಡುತ್ತೆ ಪ್ರಭು. ಆಮೇಲೆ ನಮ್ಮಂಥವರು ಏನು ಕುಡಿಯೋದು? ಬಹುಮಾನ ಕೊಡೋದಾದರೆ, ಅವರಿಗೆ ದಿನಾ ಸಂಜೆ ಒಂದು ಅಂಟಿನುಂಡೆ ಕೊಡಿಸಿ."