ಎರೆಹಾಳದ ಹೊಳೆವ್ವನ ನೆರಳು

ಎರೆಹಾಳದ ರೈಲು ನಿಲ್ದಾಣದಿಂದ ಊರೊಳಗೆ ಬರುವ ರಸ್ತೆಯ ಎಡಕ್ಕೆ ಎಂಟು ಕಾಂಕ್ರೀಟ್ ಕೊಡೆಗಳು ಸಾಲಾಗಿ ನಿಂತಿವೆ. ಗಾಳಿಗೆ ತಿರುವಿಬಿದ್ದ ಕೊಡೆಯ ಹಾಗೆ ಅವುಗಳ ಅಂಚು ಮೇಲಕ್ಕೆ, ನಡು ಕೆಳಕ್ಕೆ. ಒಂದೊಂದಕ್ಕೂ ಒಂದೇ ಕಂಬ. ಮೇಲೆ ಬಿದ್ದ ಮಳೆನೀರು ಆ ಕಂಬದ ಹೊಟ್ಟೆಯೊಳಗಿಂದಲೇ ಇಳಿದು ಗಟಾರ ಸೇರುತ್ತದೆ. ಚಾವಣಿಯ ದಪ್ಪ ಮೂರು ಬೆರಳಿಗಿಂತ ಹೆಚ್ಚಿಲ್ಲ. ಕಟ್ಟಡ ವಿದ್ಯೆ ಕಲಿಯುವ ಮಕ್ಕಳು ದೂರದೂರುಗಳಿಂದ ಇದನ್ನು ನೋಡಲು ಬರುತ್ತಾರೆ, ಕತ್ತು ಮೇಲೆತ್ತಿಕೊಂಡೇ ಸುತ್ತುತ್ತಾರೆ. ಆದರೆ ಊರಿನವರನ್ನು ‘ಹೊಳೆವ್ವನ ನೆರಳು ಎಲ್ಲಿ?’ ಎಂದು ಕೇಳಿದರೆ ಅವರು ಆ ಕೊಡೆಗಳತ್ತ ಬೆರಳು ಮಾಡುವುದಿಲ್ಲ. ಅವುಗಳ ಮೂಡಣಕ್ಕೆ, ಬಯಲಲ್ಲಿ, ಮೇಲೆ ಏನೂ ಇಲ್ಲದ ಕಡೆ ಮೊಣಕಾಲೆತ್ತರದ ಮೂರು ಕಲ್ಲಿನ ಕಟ್ಟೆಗಳಿವೆ. ಒಂದರ ಹಿಂದೊಂದು, ನಡುವೆ ಓಡಾಡಲು ದಾರಿ ಬಿಟ್ಟು ಕಟ್ಟಿದವು. ತೋರಿಸುವುದು ಅವನ್ನು.

ಹೊರಗಿನಿಂದ ಬಂದವರು ಹೆಸರು ಕೇಳಿ ಹೊಳೆವ್ವ ಎಂದರೆ ಗ್ರಾಮದೇವತೆಯಿರಬೇಕು, ಗುಡಿ ಬಿದ್ದುಹೋಗಿ ಕಟ್ಟೆ ಉಳಿದಿರಬೇಕು ಎಂದುಕೊಳ್ಳುವುದುಂಟು. ಹಿಂದಿನ ವರ್ಷ ಯಾರೋ ನಡುವಿನ ಕಟ್ಟೆಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದು ಹೋಗಿದ್ದರು. ಹೊಳೆವ್ವ ದೇವತೆಯಲ್ಲ. ಮೆಂತೆ, ರಾಜಗಿರಿ, ಪುಂಡಿಪಲ್ಯ ಮಾರುತ್ತಿದ್ದ ಹೆಂಗಸು. ಅವಳನ್ನು ಕಂಡವರು ಊರಲ್ಲಿ ಇನ್ನೂ ಹತ್ತಾರು ಮಂದಿ ಇದ್ದಾರೆ.

ಹಿಂದೆ ಒಮ್ಮೆ, ಈ ಊರಿನ ಪಂಪ್‌ಸೆಟ್ ಕಾರ್ಖಾನೆ ಹೊಸದಾಗಿ ಹೆಸರು ಮಾಡುತ್ತಿದ್ದ ಕಾಲದಲ್ಲಿ, ಅದರ ಧಣಿ ಗುರುಸಿದ್ದಪ್ಪ ಕಂಬಳಿಯವರು ಯಂತ್ರ ಕೊಳ್ಳಲೆಂದು ಅಮೆರಿಕಕ್ಕೆ ಹೋಗಿದ್ದರಂತೆ. ಅಲ್ಲಿ ಅವರು ಉಳಿದದ್ದು ದೊಡ್ಡ ಶಹರದಲ್ಲಲ್ಲ. ಆ ದೇಶದ ನಡುಭಾಗದಲ್ಲಿ, ಮೆಕ್ಕೆಜೋಳದ ಹೊಲಗಳ ನಡುವೆ ಇದ್ದ ಒಂದು ಸಣ್ಣ ಊರಿನಲ್ಲಿ. ಅಲ್ಲಿಯೂ ಒಬ್ಬ ಕಾರ್ಖಾನೆಯ ಧಣಿ ತನ್ನೂರಿನ ಗ್ರಂಥಾಲಯ, ಶಾಲೆ, ಬ್ಯಾಂಕು, ಬೆಂಕಿ ಆರಿಸುವವರ ಠಾಣೆ, ಎಲ್ಲವನ್ನೂ ಹೆಸರಾಂತ ವಾಸ್ತುಶಿಲ್ಪಿಗಳಿಂದ ಹೊಸ ರೀತಿಯಲ್ಲಿ ಕಟ್ಟಿಸಿದ್ದ. ತೇರಿಲ್ಲ, ಗೋಪುರವಿಲ್ಲ, ಕೆತ್ತನೆಯಿಲ್ಲ. ನೇರ ಗೆರೆ, ಗಾಜು, ಬರಿಯ ಇಟ್ಟಿಗೆ. ಆದರೂ ಜನ ದೂರದಿಂದ ಬಂದು ನೋಡುತ್ತಿದ್ದರು. ಕಂಬಳಿ ಸಾವ್ಕಾರರು ಮೂರು ದಿನ ಆ ಊರಿನ ಬೀದಿಗಳಲ್ಲಿ ತಿರುಗಾಡಿ, ನಾಲ್ಕನೆಯ ದಿನ ಅಲ್ಲಿನ ವಾಸ್ತುಶಿಲ್ಪಿಯೊಬ್ಬರ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ಕನ್ನಡದ ತರುಣನೊಬ್ಬನನ್ನು ಕಂಡರು. ಅವನೇ ಕೊಲ್ಹಾರದ ಜಯತೀರ್ಥ. ‘ನಮ್ಮೂರು ಇದಕ್ಕಿಂತ ಸಣ್ಣದೇನೂ ಅಲ್ಲ, ಬಾ’ ಎಂದು ಸಾವ್ಕಾರರು ಅವನನ್ನು ಕರೆತಂದರು ಎನ್ನುತ್ತಾರೆ.

ಜಯತೀರ್ಥ ಮೊದಲು ಶಾಲೆ ಕಟ್ಟಿದ, ಆಮೇಲೆ ಗ್ರಂಥಾಲಯ. ಎರಡೂ ಚೆನ್ನಾಗಿ ಬಂದವು. ಮೂರನೆಯದು ಕಾಯಿಪಲ್ಯದ ಮಾರುಕಟ್ಟೆ. ಅಲ್ಲಿಯವರೆಗೆ ಹೆಂಗಸರು ರಸ್ತೆಯ ಬದಿ ಬೇವಿನ ಮರಗಳ ಕೆಳಗೆ ಕೂತು ಮಾರುತ್ತಿದ್ದರು. ರಸ್ತೆ ಅಗಲ ಮಾಡುವಾಗ ಮರಗಳು ಹೋದವು. ಅವುಗಳ ಬದಲಿಗೆ ಈ ಎಂಟು ಕೊಡೆಗಳು ಎದ್ದವು. ಇಪ್ಪತ್ತನಾಲ್ಕು ಅಡಿ ಎತ್ತರ, ಗೋಡೆಗಳಿಲ್ಲ, ಕೆಳಗೆ ನಯವಾದ ಸಿಮೆಂಟಿನ ನೆಲ, ನೆಲದ ಮೇಲೆ ಹಳದಿ ಬಣ್ಣದಲ್ಲಿ ಅರವತ್ತು ಚೌಕಗಳು. ಹೊಳೆವ್ವನ ಪಾಲಿಗೆ ಬಂದದ್ದು ಹದಿನಾಲ್ಕನೆಯ ಚೌಕ. ಉದ್ಘಾಟನೆಯ ದಿನ ಅವಳು ತನ್ನ ಬುಟ್ಟಿಗೆ ಹೂವು ಕಟ್ಟಿ ತಂದಿದ್ದಳು. ಗಂಡ ತೀರಿಹೋದ ಮೇಲೆ ಕೆರೆಯ ಹಿಂದೆ ಅರ್ಧ ಎಕರೆ ಗೇಣಿಗೆ ಹಿಡಿದು ಸೊಪ್ಪು ಬೆಳೆದು ಬದುಕು ಕಟ್ಟಿಕೊಂಡವಳು. ತನಗೆಂದು ಯಾರಾದರೂ ಒಂದು ಜಾಗ ಗುರುತು ಮಾಡಿಟ್ಟದ್ದು ಅದೇ ಮೊದಲು.

ಆ ಸಂತೋಷ ಒಂದು ವಾರವೂ ಉಳಿಯಲಿಲ್ಲ. ಎರೆಹಾಳದ ಕಾಯಿಪಲ್ಯದ ಸಂತೆ ಕೂಡುವುದು ಮಧ್ಯಾಹ್ನದ ಮೇಲೆ. ಕಾರ್ಖಾನೆಯ ಪಾಳಿ ನಾಲ್ಕಕ್ಕೆ ಬಿಡುತ್ತದೆ, ವ್ಯಾಪಾರವೆಲ್ಲ ಆಮೇಲೆಯೇ. ಆದರೆ ಮೂರು ಗಂಟೆಗೆ ಪಡುವಣದ ಬಿಸಿಲು ಆ ಎತ್ತರದ ಚಾವಣಿಯ ಕೆಳಗೆ ನುಗ್ಗಿ ಅರ್ಧ ನೆಲ ನುಂಗುತ್ತಿತ್ತು. ನಾಲ್ಕಕ್ಕೆ ಇಡೀ ನೆಲ ಬಿಸಿಲು. ಸಿಮೆಂಟು ಕಾದ ಹಂಚಾಗುತ್ತಿತ್ತು. ಬದನೆ, ಗಡ್ಡೆಗಳವರು ಹೇಗೋ ತಾಳಿಕೊಂಡರು. ಸೊಪ್ಪಿನವರು ಕಟ್ಟಿ ತಂದ ಸೂಡುಗಳು ಪಾಳಿ ಬಿಡುವ ಹೊತ್ತಿಗೆ ಹಿಂಡಿದ ಅರಿವೆಯಂತಾಗುತ್ತಿದ್ದವು. ಪಡುವಣಕ್ಕೆ ಗೋಣಿತಟ್ಟು ಕಟ್ಟಿ ನೋಡಿದರು. ಕಟ್ಟಡದ ಅಂದ ಕೆಡುತ್ತದೆಂದು ಪುರಸಭೆಯವರು ಹರಿದುಹಾಕಿದರು. ಕೊನೆಗೆ ಹೊಳೆವ್ವನೇ ಮೊದಲು ಬುಟ್ಟಿ ಎತ್ತಿಕೊಂಡು ಮೂಡಣದ ಬಯಲಿಗೆ ನಡೆದಳು. ಚಾವಣಿಯ ನೆರಳು ಆ ಹೊತ್ತಿಗೆ ಅಲ್ಲಿ ಬಿದ್ದಿರುತ್ತಿತ್ತು. ನೆರಳು ಸರಿದಂತೆ ಅವಳೂ ಗೋಣಿತಟ್ಟು ಎಳೆದುಕೊಂಡು ಸರಿದಳು. ಮರುದಿನ ನಾಲ್ಕು ಜನ, ತಿಂಗಳು ಕಳೆಯುವುದರೊಳಗೆ ಅರವತ್ತೂ ಜನ ಹೊರಗೆ. ಒಳಗೆ ದನ ಮಲಗತೊಡಗಿದವು.

ಪುರಸಭೆಯ ಮುಖ್ಯಾಧಿಕಾರಿಗೆ ಇದು ಸರಿಬರಲಿಲ್ಲ. ಚೌಕ ಬಿಟ್ಟು ಕೂತವರ ಮಾಲು ಜಪ್ತು ಎಂದು ಡಂಗುರ ಸಾರಿಸಿದ. ಹೊಳೆವ್ವನ ಬುಟ್ಟಿಯನ್ನು ಎರಡು ಸಲ ತಿಪ್ಪೆಗೆ ಸುರಿಸಿದ. ಎರಡನೆಯ ಸಲ ಅವಳು ತಿಪ್ಪೆಯ ಬಳಿ ಕೂತು ಮಣ್ಣಾಗದ ಸೂಡುಗಳನ್ನು ಆರಿಸಿಕೊಂಡಳು. ಅವಳ ನಾದಿನಿ ಕರಿಯವ್ವ, ‘ಒಳಗ ಕುಂತ್ರಾತ ಬಿಡವ್ವ, ಸರಕಾರದ ಕೂಡ ಏನ ಜಗಳ?’ ಎಂದಳು. ‘ಜಗಳ ನಂದಲ್ಲ, ಸೂರ್ಯಂದು,’ ಎಂದು ಹೊಳೆವ್ವ ಮರುದಿನ ಮತ್ತೆ ಹೊರಗೇ ಕೂತಳು. ಧೈರ್ಯವಿತ್ತೆಂದಲ್ಲ, ಬಾಡಿದ ಸೊಪ್ಪು ಮನೆಗೆ ಹೊತ್ತೊಯ್ದರೆ ಒಲೆ ಉರಿಯುವುದಿಲ್ಲವೆಂದು ಗೊತ್ತಿತ್ತು.

ಹೀಗಿರುವಾಗ ದಿಲ್ಲಿಯಿಂದ ಒಂದು ಮಂಡಳಿ ಬರುವುದೆಂದು ಸುದ್ದಿಯಾಯಿತು. ದೇಶದ ಒಳ್ಳೆಯ ಹೊಸ ಕಟ್ಟಡಕ್ಕೆ ಅವರು ಪದಕ ಕೊಡುವವರು. ಎರೆಹಾಳದ ಮಾರುಕಟ್ಟೆ ಕೊನೆಯ ಮೂರರಲ್ಲಿ ಒಂದಾಗಿತ್ತು. ಅಂದು ಎಲ್ಲರೂ ತಮ್ಮ ತಮ್ಮ ಚೌಕದಲ್ಲಿ ಕೂತಿರಬೇಕು, ಇಲ್ಲವಾದರೆ ಚೌಕವೇ ರದ್ದು ಎಂದು ಮುಖ್ಯಾಧಿಕಾರಿ ಅಪ್ಪಣೆ ಮಾಡಿದ. ಮಂಡಳಿ ಬರುವ ಎರಡು ದಿನ ಮೊದಲು, ಬೇರೆ ಊರಲ್ಲಿ ಕೆಲಸದಲ್ಲಿದ್ದ ಜಯತೀರ್ಥ ರೈಲಿನಿಂದ ಇಳಿದು ನೇರವಾಗಿ ಮಾರುಕಟ್ಟೆಗೆ ಬಂದ. ಕಟ್ಟಿದ ಮೇಲೆ ಅವನು ಅದನ್ನು ಸಂಜೆಯ ಹೊತ್ತು ಕಂಡದ್ದೇ ಇರಲಿಲ್ಲ. ಒಳಗೆ ಎರಡು ಎಮ್ಮೆ. ಹೊರಗೆ ಧೂಳಿನಲ್ಲಿ ಇಡೀ ಸಂತೆ. ಅವನ ಮುಖ ಕೆಂಪಗಾಯಿತು. ಎದುರಿಗೆ ಸಿಕ್ಕವಳು ಹೊಳೆವ್ವ.

“ಏನವ್ವ, ನಿಮ್ಮ ಸಲುವಾಗೇ ಇಷ್ಟ ದೊಡ್ಡ ಛತ್ತು ಕಟ್ಟೇವಿ. ಅದನ್ನ ಬಿಟ್ಟು ಧೂಳಾಗ ಯಾಕ ಕುಂತೀರಿ?” ಎಂದ.

ಹೊಳೆವ್ವ ಅವನು ಯಾರೆಂದು ಅರಿಯಳು. ಪುರಸಭೆಯ ಇನ್ನೊಬ್ಬ ಸಾಹೇಬನೆಂದುಕೊಂಡು ಮೊದಲು ಬುಟ್ಟಿಯ ಮೇಲೆ ಕೈಯಿಟ್ಟಳು. ಆಮೇಲೆ ಹೇಳಿದಳು: “ಛತ್ತು ಅಲ್ಲೈತ್ರಿ ಸಾಹೇಬ್ರ, ನೆರಳು ಇಲ್ಲೈತ್ರಿ. ನಾವು ನೆರಳಿಗೆ ಬಂದವ್ರು.”

“ಒಂದೆರಡ ತಾಸಿನ ಬಿಸಲಿಗೆ ಏನಾಗತದ?”

“ನಾ ಹೇಳಿದ್ರ ನಿಮಗ ತಿಳಿಯೂದಿಲ್ಲ. ಹದಿನಾಲ್ಕನೇ ಚೌಕ ನಂದ. ನಾಳೆ ನನ್ನ ಬುಟ್ಟಿ ಇಟಗೊಂಡ ನೀವ ಕುಂದರ್ರಿ. ಪಾಳಿ ಬಿಡೂತನ ಕುಂತ ಎರಡು ಸೂಡು ಮಾರಿ ತೋರಸ್ರಿ. ನಾಡದ ನಾ ಒಳಗ ಕುಂದರತೀನಿ, ಬಾಯಿ ಬಿಡೂದಿಲ್ಲ.”

ಸುತ್ತಲಿನ ಹೆಂಗಸರು ನಕ್ಕರು. ಆ ನಗೆಗೇ ಇರಬೇಕು, ಜಯತೀರ್ಥ ಒಪ್ಪಿಕೊಂಡ.

ಮರುದಿನ ಹನ್ನೆರಡಕ್ಕೆ ಅವನು ಬಂದು ಕೂತ. ಬಿಳಿ ಅಂಗಿ, ಮುಂದೆ ಮೆಂತೆಯ ಬುಟ್ಟಿ. ಎರಡು ಗಂಟೆಯವರೆಗೆ ತಂಪಾಗಿಯೇ ಇತ್ತು. ಗಾಳಿ ಚೆನ್ನಾಗಿ ಆಡುತ್ತಿತ್ತು. ತನ್ನ ಲೆಕ್ಕ ಸರಿಯೆಂದು ಅವನು ಹೊಳೆವ್ವನ ಕಡೆ ನೋಡಿ ನಕ್ಕ. ಎರಡೂವರೆಗೆ ಬಿಸಿಲು ಹಳದಿ ಗೆರೆ ದಾಟಿತು. ಮೂರಕ್ಕೆ ಮೊಣಕಾಲಿಗೆ ಬಂತು. ಸೊಪ್ಪಿಗೆ ನೀರು ಚಿಮುಕಿಸಿದ, ನೀರು ಆರಿತು. ತಂಬಿಗೆ ಖಾಲಿಯಾಯಿತು. ನಳ ಎಲ್ಲಿದೆ ಎಂದು ಹುಡುಕಿದ. ನಕ್ಷೆಯಲ್ಲಿ ತಾನೇ ಅದನ್ನು ಮಾರುಕಟ್ಟೆಯ ಇನ್ನೊಂದು ತುದಿಗೆ ಇಟ್ಟಿದ್ದ. ಮೂರೂವರೆಗೆ ಮೆಂತೆಯ ಎಲೆ ಮಡಚಿಕೊಂಡಿತು. ಕೂತ ಗೋಣಿತಟ್ಟಿನೊಳಗಿಂದ ನೆಲ ಸುಡುತ್ತಿತ್ತು. ಹೊಳೆವ್ವ ನೆರಳಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಮೊದಲು ಅವಳಿಗೆ ಒಳಗೊಳಗೇ ಗೆಲುವೆನಿಸಿತ್ತು. ಆ ಮನುಷ್ಯ ತನ್ನ ಕರವಸ್ತ್ರ ತೆಗೆದು ತಲೆಗಲ್ಲ, ಸೊಪ್ಪಿಗೆ ಹೊದಿಸಿದಾಗ ಆ ಗೆಲುವು ಹೋಯಿತು. ‘ಯಪ್ಪಾ, ಸಾಕ ಏಳ್ರಿ’ ಎಂದು ಅಲ್ಲಿಂದಲೇ ಕೂಗಿದಳು. ಅವನು ಏಳಲಿಲ್ಲ.

ನಾಲ್ಕಕ್ಕೆ ಕಾರ್ಖಾನೆಯ ಕೂಗು ಕೇಳಿತು. ಪಾಳಿಯವರು ಗುಂಪುಗುಂಪಾಗಿ ಬಂದು ಅವನ ಪಕ್ಕದಿಂದಲೇ ಹಾದು ಹೊರಗಿನ ನೆರಳಿಗೆ ಹೋದರು. ಒಬ್ಬಾತ ನಿಂತು ಒಂದು ಸೂಡು ಎತ್ತಿ ನೋಡಿ, ‘ದನಕ್ಕ ಹಾಕ್ರಿ’ ಎಂದು ಇಟ್ಟುಹೋದ. ಆಗ ಜಯತೀರ್ಥ ಎದ್ದ. ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಇಡೀ ಸಂತೆ ನೋಡುತ್ತಿರುವಂತೆ, ತನ್ನ ಚಾವಣಿಯ ಕೆಳಗಿನಿಂದ ಬಯಲಿಗೆ ನಡೆದು ಬಂದ. ಯಾರೂ ನಗಲಿಲ್ಲ. ಹೊಳೆವ್ವ ತನ್ನ ಗೋಣಿತಟ್ಟು ಅತ್ತ ಎಳೆದುಕೊಂಡು ಜಾಗ ಕೊಟ್ಟಳು. ಕುಡಿಯಲು ನೀರು ಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಇದನ್ನ ಪಡುವಲಕ್ಕ ಮುಖ ಮಾಡಿ ಕಟ್ಟಿದವ್ರು ಯಾರ್ರಿ? ನಮ್ಮ ಗೌಂಡಿ ಸೈತ ದನದ ಕೊಟಗಿ ಹಂಗ ಕಟ್ಟೂದಿಲ್ಲ.”

“ನಾನಽ,” ಎಂದ ಜಯತೀರ್ಥ. “ಮೊದಲ ನಕ್ಷೆದಾಗ ಉದ್ದದ ಮಗ್ಗಲು ಬಡಗಣಕ್ಕ ಇತ್ತು. ಸ್ಟೇಷನ್ ರಸ್ತೆದಿಂದ ಎಂಟೂ ಕೊಡಿ ಒಮ್ಮೆಲೆ ಕಾಣಲಿ ಅಂತ ತಿರುವಿದೆ. ನೋಡೋರಿಗೆ ಚಂದ ಕಾಣಲಿ ಅಂತ.”

ಬೈಯಬೇಕೆಂದಿದ್ದ ಹೊಳೆವ್ವ, “ಚಂದ ಏನೋ ಕಾಣತೈತಿ ಬಿಡ್ರಿ,” ಎಂದಳು.

ಆ ಸಂಜೆಯೇ ಅವನು ಕಂಬಳಿ ಸಾವ್ಕಾರರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದನಂತೆ. ಸಾವ್ಕಾರರು ಸಿಡಿದೆದ್ದರು. ನಾಳೆ ಒಂದು ದಿನ ಹೆಂಗಸರು ಒಳಗೆ ಕೂತರೆ ಊರಿಗೆ ಪದಕ ಬರುತ್ತದೆ, ಆಮೇಲೆ ಬೇಕಾದ್ದು ಮಾಡು ಎಂದರು. ‘ಒಂದು ದಿನದ ಸೊಪ್ಪು ಹೋದರೆ ನಾನು ಕೊಡುತ್ತೇನೆ’ ಎಂದೂ ಹೇಳಿದರು. ಜಯತೀರ್ಥ, ‘ನಾ ಇವತ್ತ ಅಲ್ಲಿ ಕುಂತ ಬಂದೀನ್ರಿ. ಅವರನ್ನ ಅಲ್ಲಿ ಕುಂದರಿಸಿ ಫೋಟೋ ತಗಸೂದು ನನ್ನಿಂದ ಆಗೂದಿಲ್ಲ’ ಎಂದಷ್ಟೇ ಹೇಳಿ ಬಂದ. ಮರುದಿನ ಮಂಡಳಿಯವರು ಮಧ್ಯಾಹ್ನ ನಾಲ್ಕಕ್ಕೆ ಬಂದರು. ಅವನು ಅವರನ್ನು ಸ್ಟೇಷನ್ ರಸ್ತೆಯಲ್ಲಿ ನಿಲ್ಲಿಸದೆ ಹಿಂದಿನ ಬಯಲಿಗೆ ಕರೆದೊಯ್ದು, ಸಂತೆ ಎಲ್ಲಿದೆ, ಏಕೆ ಅಲ್ಲಿದೆ ಎಂಬುದನ್ನು ತೋರಿಸಿದ. ಪದಕ ಬೇರೆ ಊರಿನ ಕಟ್ಟಡಕ್ಕೆ ಹೋಯಿತು. ಕಂಬಳಿ ಸಾವ್ಕಾರರು ಎರಡು ತಿಂಗಳು ಅವನೊಡನೆ ಮಾತು ಬಿಟ್ಟಿದ್ದರು. ಒಂದು ದಿನ ತಾವೇ ನಾಲ್ಕು ಗಂಟೆಗೆ ಬಂದು ಹದಿನಾಲ್ಕನೆಯ ಚೌಕದಲ್ಲಿ ಕೆಲಹೊತ್ತು ನಿಂತು ಹೋದ ಮೇಲೆ ಆ ಮುನಿಸು ಮುರಿಯಿತು. ಜಪ್ತಿಯ ಹುಕುಮೂ ಅವರ ಮಾತಿನಿಂದಲೇ ರದ್ದಾಯಿತು ಎನ್ನುತ್ತಾರೆ.

ಜಯತೀರ್ಥ ಪಡುವಣಕ್ಕೆ ಗೋಡೆ ಏರಿಸುವ ಯೋಚನೆಯಲ್ಲಿದ್ದ. ಹೊಳೆವ್ವ ಬೇಡವೆಂದಳು. ಗೋಡೆ ಕಟ್ಟಿದರೆ ಗಾಳಿ ನಿಂತು ಸೊಪ್ಪು ಬೆವರುತ್ತದೆ, ರಸ್ತೆಯಲ್ಲಿ ಹೋಗುವವರಿಗೆ ಸಂತೆ ಕಾಣುವುದಿಲ್ಲ. ಮಳೆಗೆ ಆ ಚಾವಣಿ ಚೆನ್ನಾಗಿದೆ, ಬಿಸಿಲಿಗೆ ಹೊರಗೆ ಕೂರಲು ಕಲ್ಲು ಹಾಕಿಕೊಡಿ ಸಾಕು ಎಂದಳು. ಎಲ್ಲಿ ಹಾಕಬೇಕೆಂಬುದು ಅವನ ಪುಸ್ತಕಗಳಿಂದಲೂ ತಿಳಿಯುತ್ತಿತ್ತು. ಆದರೂ ಅವನು ಒಂದು ವರ್ಷ ಕಾದ. ಆ ವರ್ಷವಿಡೀ ಹೊಳೆವ್ವ ವಾರಕ್ಕೊಮ್ಮೆ ಒಲೆಯ ಬೂದಿ ತಂದು ಮೂರಕ್ಕೆ, ನಾಲ್ಕಕ್ಕೆ, ಐದಕ್ಕೆ ನೆರಳಿನ ಅಂಚಿಗೆ ಗೆರೆ ಎಳೆಯುವಳು. ಅವನ ಕಚೇರಿಯವರು ಅಳತೆ ಬರೆದುಕೊಳ್ಳುವರು. ಚಳಿಗಾಲದಲ್ಲಿ ನೆರಳು ಬಡಗಣಕ್ಕೆ ವಾಲುತ್ತದೆ, ಬೇಸಗೆಯಲ್ಲಿ ನೆಟ್ಟಗಾಗುತ್ತದೆ. ಕಟ್ಟೆಗಳು ಬಡಗಣದ ತುದಿಯಲ್ಲಿ ಉದ್ದವಾಗಿರುವುದು ಅದಕ್ಕೇ. ಕಲ್ಲು ಕೂರಿಸುವಾಗ ಎರಡು ಕಡೆ ಹೊಳೆವ್ವನ ಬೂದಿಗೂ ಅವನ ಲೆಕ್ಕಕ್ಕೂ ಒಂದು ಮೊಳ ಹೆಚ್ಚುಕಡಿಮೆ ಬಂದಿತ್ತು. ಅವನು ಬೂದಿಯ ಗೆರೆಯನ್ನೇ ಹಿಡಿದ.

ಕೆಲಸ ಮುಗಿದ ಮೇಲೆ ನಕ್ಷೆಯನ್ನು ಪುರಸಭೆಯ ದಫ್ತರಕ್ಕೆ ಕೊಡಬೇಕಾಯಿತು. ಹೆಸರಿನ ಜಾಗದಲ್ಲಿ ‘ಮಾರುಕಟ್ಟೆಯ ಹೊರ ಕಟ್ಟೆಗಳು’ ಎಂದು ಬರೆದಿದ್ದನ್ನು ಜಯತೀರ್ಥ ಹೊಡೆದುಹಾಕಿ, ಕನ್ನಡದಲ್ಲಿ ‘ಹೊಳೆವ್ವನ ನೆರಳು’ ಎಂದು ಬರೆದ. ದಫ್ತರದಿಂದ ಅದು ಸಂತೆಯ ಕರದ ಪಾವತಿ ಪುಸ್ತಕಕ್ಕೆ ಬಂತು, ಪುಸ್ತಕದಿಂದ ಜನರ ಬಾಯಿಗೆ ಬಂತು. ಹೊಳೆವ್ವನಿಗೆ ಮೊದಮೊದಲು ನಾಚಿಕೆ. ‘ಸತ್ತವರ ಹೆಸರ ಅಲ್ಲೇನವ್ವ ಕಟ್ಟೆಗೆ ಇಡೂದು?’ ಎನ್ನುತ್ತಿದ್ದಳಂತೆ. ಅವಳು ಆಮೇಲೆ ಇಪ್ಪತ್ತೆರಡು ವರ್ಷ ಆ ಕಟ್ಟೆಗಳ ಮೇಲೆ ಸೊಪ್ಪು ಮಾರಿ, ಒಂದು ಶ್ರಾವಣದಲ್ಲಿ ತೀರಿಕೊಂಡಳು. ಅಂದು ಸಂತೆ ಕೂಡಲಿಲ್ಲ. ಜಯತೀರ್ಥ ಮುಂದೆ ಇನ್ನೂ ಹಲವು ಊರುಗಳಲ್ಲಿ ಕಟ್ಟಡ ಕಟ್ಟಿದ. ಯಾವುದೇ ಜಾಗದಲ್ಲಿ ಕೆಲಸ ಹಿಡಿಯುವ ಮೊದಲು ಅಲ್ಲಿ ಒಂದು ಇಡೀ ಹಗಲು ನೆಲದ ಮೇಲೆ ಕೂತಿರುತ್ತಿದ್ದ ಎಂದು ಅವನೊಡನೆ ದುಡಿದ ಗೌಂಡಿಗಳು ಹೇಳುತ್ತಾರೆ.

ಈಗಲೂ ಎರೆಹಾಳಕ್ಕೆ ಹೋದವರು ಮಧ್ಯಾಹ್ನ ಮೂರಕ್ಕೆ ಅಲ್ಲಿರಬೇಕು. ಮೊದಲ ಕಟ್ಟೆಯ ಮೇಲೆ ಸಂತೆ ತುಂಬಿರುತ್ತದೆ. ಬಿಸಿಲು ಅದರ ಅಂಚಿಗೆ ಬಂದಾಗ ಯಾರೂ ಗಂಟೆ ಬಾರಿಸುವುದಿಲ್ಲ, ಯಾರೂ ಕೂಗುವುದಿಲ್ಲ. ಒಬ್ಬಳು ಎದ್ದು ಬುಟ್ಟಿ ಎತ್ತುತ್ತಾಳೆ, ಅವಳ ಹಿಂದೆ ಇನ್ನೊಬ್ಬಳು. ಚೌಕಾಶಿ ನಡುವೆ ನಿಲ್ಲುವುದಿಲ್ಲ, ಕೊಳ್ಳುವವರೂ ಮಾತಾಡುತ್ತಲೇ ಜೊತೆಗೆ ನಡೆಯುತ್ತಾರೆ. ಹತ್ತು ನಿಮಿಷದಲ್ಲಿ ಇಡೀ ಸಂತೆ ಎರಡನೆಯ ಕಟ್ಟೆಗೆ, ತಾಸು ಕಳೆದರೆ ಮೂರನೆಯದಕ್ಕೆ. ಕೊಡೆಗಳ ಚಿತ್ರ ಬರೆಯಲೆಂದು ಆ ಕಟ್ಟೆಗಳ ಮೇಲೆ ಕೂತ ಮಕ್ಕಳು ಹಾಳೆಯಿಂದ ಕಣ್ಣು ತೆಗೆಯದೆಯೇ ಎದ್ದು ಅವರೊಡನೆ ಸರಿದು ಕೂರುತ್ತಾರೆ.