ಹಿರಿಯರ ಮನೆಯ ಕಾವಲು

ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: “ಬುದ್ಧೀ, ಹೊಸ ಅಡಿಗೆಯವನು ಅಕ್ಕಿ ಚೀಲಗಳ ಸಂದಿಯಲ್ಲಿ ಏನನ್ನೋ ಹುಡುಕುತ್ತಿರುತ್ತಾನೆ. ಕೇಳಿದರೆ ಇಲಿ ಬಿಲ ಅನ್ನುತ್ತಾನೆ. ನಾನು ಅವನ ಮೇಲಿಟ್ಟ ಕಣ್ಣು ತೆಗೆದಿಲ್ಲ. ಅನುಮಾನಪಡುವುದು ತಪ್ಪೇ?”

ಗುರುಗಳು ಹೇಳಿದರು:

ಒಂದೂರಿನ ಗುಡ್ಡದ ನೆತ್ತಿಯಲ್ಲಿ ಚಪ್ಪಡಿ ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿದ ಕಲ್ಲಿನ ಗೂಡುಗಳಿದ್ದವು. ಯಾವ ಕಾಲದವೋ ಯಾರಿಗೂ ತಿಳಿಯದು. ಊರವರು ಅವನ್ನು ಹಿರಿಯರ ಮನೆ ಅನ್ನುತ್ತಿದ್ದರು. ಮಹಾಲಯ ಅಮಾವಾಸ್ಯೆಗೆ ಮೊದಲ ಎಡೆ ಅಲ್ಲಿಗೆ. ಆಮೇಲೆಯೇ ಊರಿನ ಊಟ. ಎಡೆ ಹೊರುವ ಹೊಣೆ ಗೌಡನದು.

ಒಬ್ಬ ಕಲ್ಲಿನ ಗುತ್ತಿಗೆದಾರ ಬಂದ. ಚಪ್ಪಲಿ ಬಿಟ್ಟು ಗುಡ್ಡ ಹತ್ತಿದ, ಹಿರಿಯರಿಗೆ ಕಾಯಿ ಒಡೆದ, ಗುಡ್ಡದ ಹಿಂಭಾಗ ಮಾತ್ರ ಸಾಕು ಅಂದ. ಭಕ್ತ ಮನುಷ್ಯ ಎಂದು ಊರು ಒಪ್ಪಿತು. ಕಲ್ಲು ಸಿಡಿಸುವ ಕೆಲಸ ಶುರುವಾಯಿತು.

ಅನಂತರ ಒಬ್ಬ ಪಂಡಿತ ಬಂದ. ಹಳೆಯ ಕಾಲದ ನೆಲೆಗಳನ್ನು ಅಗೆದು ತಿಳಿಯುವವನು. ಕಾಯಿ ಒಡೆಯಲಿಲ್ಲ. ದಾರ ಕಟ್ಟಿ, ಕರಣೆಯಿಂದ ಮೆಲ್ಲಗೆ ಕೆರೆದು, ಮಣ್ಣನ್ನು ಜರಡಿ ಹಿಡಿಯತೊಡಗಿದ.

ಗೌಡ ಕೇಳಿದ: “ಅಕ್ಕಸಾಲಿ ಅಂಗಡಿ ಕಸ ಜರಡಿ ಹಿಡಿಯೋನಿಗೆ ಚಿನ್ನ ಬೇಕಿರುತ್ತೆ ಸ್ವಾಮಿ. ನಿಮಗೇನು ಬೇಕು?”

“ಮಡಕೆ ಚೂರು ಗೌಡ್ರೇ. ಅವು ಎಲ್ಲೀವರೆಗೆ ಸಿಗ್ತವೋ ಅಲ್ಲೀವರೆಗೂ ನಿಮ್ಮ ಹಿರಿಯರ ಮನೆ. ಅದನ್ನ ತೋರಿಸಿದರೆ ಗಣಿ ನಿಲ್ಲಿಸಬಹುದು.”

“ಮಡಕೆ ಚೂರು ನಮ್ಮ ತಿಪ್ಪೇಲೇ ಬೇಕಾದಷ್ಟಿವೆ. ಹೊತ್ಕೊಂಡು ಹೋಗಿ!”

ಊರು ನಕ್ಕಿತು. ಆದರೆ ನಿಧಿಯ ಅನುಮಾನ ಬಿಡಲಿಲ್ಲ. ಸರದಿಯ ಮೇಲೆ ಮನೆಗೊಬ್ಬ ಕಾವಲು ಕೂತ, ಪಂಡಿತ ಅಗೆದ ಗುಂಡಿಗೆ ಮುಖ ಮಾಡಿ, ಗಣಿಗೆ ಬೆನ್ನು ಮಾಡಿ. ಹಿಂದೆ ಕಲ್ಲು ಸಿಡಿದಾಗಲೆಲ್ಲ ಪಂಡಿತ ಬೆಚ್ಚಿ ಎದ್ದು ಆ ಕಡೆ ಓಡುತ್ತಿದ್ದ. ಕಾವಲಿನವನು ಅವನನ್ನು ಹಿಡಿದು ಜೇಬು ತಡವುತ್ತಿದ್ದ.

ಚೂರುಗಳು ಹಿಂಭಾಗದಲ್ಲೂ ಸಿಕ್ಕವು. ಹಿರಿಯರ ಮನೆ ಗಣಿಯವರೆಗೂ ಇದೆ, ಬೇಗ ನಿಲ್ಲಿಸಿ ಎಂದು ಪಂಡಿತ ಕೈಮುಗಿದ. ನಿಧಿ ಆ ಕಡೆಗಿದೆ, ಅದಕ್ಕೇ ಇವನಿಗೆ ಅವಸರ ಎಂದು ಊರು ತಿಳಿಯಿತು. ಅವನನ್ನು ಓಡಿಸಿದರು. ಅವನು ಜರಡಿ ಹಿಡಿದ ಮಣ್ಣನ್ನು ತಾವೂ ಒಮ್ಮೆ ಜರಡಿ ಹಿಡಿದು, ಏನೂ ಸಿಗದೆ, ಗುಂಡಿ ಮುಚ್ಚಿದರು. ಇನ್ನು ಭಯವಿಲ್ಲವೆಂದು ಯಾರೂ ಗುಡ್ಡ ಹತ್ತಲಿಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಗೌಡ ಎಡೆ ಹೊತ್ತು ಹತ್ತಿದ. ಗುಡ್ಡದ ಮುಂಭಾಗ ಗೋಡೆಯಂತೆ ನಿಂತಿತ್ತು. ಅದರಾಚೆ, ನೆತ್ತಿಯಿದ್ದಲ್ಲಿ, ಗಣಿಯ ಹಳ್ಳ. ಎಲೆ ಹಾಸಲು ಒಂದು ಚಪ್ಪಡಿಯೂ ಉಳಿದಿರಲಿಲ್ಲ. ಕೆಳಗಿದ್ದ ಗುತ್ತಿಗೆದಾರ ಚಪ್ಪಲಿ ಬಿಟ್ಟು ಕೈಮುಗಿದು ಹೇಳಿದ: “ನಾನು ಏನನ್ನೂ ಕದ್ದುಮುಚ್ಚಿ ಮಾಡಲಿಲ್ಲ ಗೌಡ್ರೇ. ಎಲ್ಲ ಸದ್ದು ಮಾಡಿಯೇ ಮಾಡಿದೆ.”

ಗೌಡ ಎಡೆಯನ್ನು ಹೊತ್ತುಕೊಂಡೇ ಇಳಿದ. ಆ ದಿನ ಊರಿನಲ್ಲಿ ಯಾರೂ ಉಣ್ಣಲಿಲ್ಲ.

ಶಿಷ್ಯ ನಕ್ಕ. “ಎಂಥ ದಡ್ಡರು ಬುದ್ಧೀ! ಕಾಯಬೇಕಾದ್ದನ್ನು ಬಿಟ್ಟು ಜರಡಿ ಕಾದರು.”

ಗುರುಗಳು ಅವನ ಸೊಂಟದ ಬೀಗದಕೈ ಗೊಂಚಲನ್ನು ನೋಡಿದರು.

“ಅಡಿಗೆಯವನು ಎಲ್ಲಿದ್ದಾನೆಂದು ನಿನಗೆ ಸದಾ ಗೊತ್ತು ಮಗು, ಇಲಿ ಎಲ್ಲಿದೆ?”